ಬೆಕ್ಕಿಗೆ ವಾಸನೆ ತರುವ ಕೆಲಸ

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಹೊರಗೆ ಕಾಲಿಡದ ಜೀವಗಳು ಎರಡಿದ್ದವು. ಒಂದು ಬೆಕ್ಕು, ಇನ್ನೊಂದು ನಾನು. ಬೆಕ್ಕಿನ ಹಿಂಗಾಲನ್ನು ಓಣಿಯ ನಾಯಿಗಳು ಹಿಡಿದು ಜಗ್ಗಿದ್ದವು. ದನದ ಡಾಕ್ಟರು ಪಟ್ಟಿ ಕಟ್ಟಿ, "ಇನ್ನ ಇದು ಓಡಂಗಿಲ್ಲ, ಮನಿ ಒಳಗ ಇಟ್ಕೊಳ್ರಿ" ಎಂದಿದ್ದರು. ನನಗೆ ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಆದರೆ ಸೊಸೆಯಾದವಳಿಗೆ ಹೊರಗೆ ಏನು ಕೆಲಸ? ಕಾಯಿಪಲ್ಯ ಬಾಗಿಲಿಗೇ ಬರುತ್ತಿತ್ತು, ಹಿಟ್ಟಿನ ಗಿರಣಿಗೆ ಅತ್ತೆಯೇ ಹೋಗುತ್ತಿದ್ದರು. ನಾನು ಹಬ್ಬಕ್ಕೊಮ್ಮೆ ತೆಲಿಗಿಯ ತವರಿಗೆ ಹೋಗಿಬಂದರೆ ಅಲ್ಲಿಗೆ ಮುಗಿಯಿತು.

ಬೆಕ್ಕು ಮಾತ್ರ ಇದನ್ನು ನನ್ನಷ್ಟು ಸಲೀಸಾಗಿ ಒಪ್ಪಲಿಲ್ಲ. ಮೊದಲು ಕಿಟಕಿಯಲ್ಲಿ ಕೂತು ಒದರಿತು. ಆಮೇಲೆ ಒದರುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಕೂತಿತು. ತನ್ನ ಹೊಟ್ಟೆಯ ಕೂದಲನ್ನು ತಾನೇ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತು. ಹಾಲು ಕಲಸಿದ ಅನ್ನ ತಟ್ಟೆಯಲ್ಲೇ ಒಣಗುತ್ತಿತ್ತು. ಅತ್ತೆ ಅದರ ಮುಂದೆ ಕೂತು, "ಏನಾಗೈತಿ ನಿನಗ, ಉಣ್ಣಾಕ ಐತಿ, ಮಲಗಾಕ ಐತಿ, ಇನ್ನೇನ ಬೇಕು?" ಎಂದು ಗದರಿಸುತ್ತಿದ್ದರು. ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ನನಗೆ ಆ ಪ್ರಶ್ನೆ ಯಾರಿಗೆ ಕೇಳಿದ್ದೆಂದು ಅನುಮಾನ ಬರುತ್ತಿತ್ತು.

ನಮ್ಮ ಮನೆಯವರು ಬಸ್ ಕಂಡಕ್ಟರು. ಹರಪನಹಳ್ಳಿ ಮೇಲೆ ಹಲವಾಗಲಿಗೆ ಹೋಗಿ ಬರುವ ಬಸ್ಸು. ಹಲವಾಗಲಲ್ಲಿ ಹೊಳೆ ಇದೆ, ಹೊಳೆಯಲ್ಲಿ ಮೀನಿವೆ, ಮೀನಿನ ಬುಟ್ಟಿಯವರಿಗೂ ಬಸ್ಸು ಬೇಕು. ಒಂದು ಸಂಜೆ ಅಂಥದ್ದೊಂದು ಬುಟ್ಟಿಯ ನೀರು ಇವರ ಖಾಕಿ ಪ್ಯಾಂಟಿನ ಮೇಲೆ ಸೋರಿತ್ತು. ಇವರಿಗೆ ಗೊತ್ತೇ ಇಲ್ಲ, ಸೀದಾ ಒಳಗೆ ಬಂದರು. ಗೋಡೆ ನೋಡುತ್ತಿದ್ದ ಬೆಕ್ಕು ಗಕ್ಕನೆ ತಿರುಗಿ, ಮೂರು ಕಾಲಲ್ಲೇ ಹಾರಿ ಬಂದು ಪ್ಯಾಂಟಿಗೆ ಜೋತುಬಿತ್ತು. ಇವರು "ಏ, ಏ, ಬಿಡು" ಎನ್ನುತ್ತ ಪಡಸಾಲೆಯ ತುಂಬ ಬೆಕ್ಕನ್ನು ಎಳೆದುಕೊಂಡು ಕುಣಿದರು.

ಅದೇ ಹೊತ್ತಿಗೆ ಅತ್ತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಮಾತಾಡುವಂತಿಲ್ಲ. ಮೂಗಿಗೆ ಮೀನು ಬಡಿದ ಕೂಡಲೇ ಅವರ ಹುಬ್ಬುಗಳು ಹಣೆಯ ವಿಭೂತಿಯವರೆಗೂ ಏರಿದವು. "ಹ್ಞೂಂ! ಹ್ಞೂಂ!" ಎಂದು ಮೂಗಿನಲ್ಲೇ ಬೈದರು. ಬಾಯಿಂದ ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ನಗು ನುಂಗಿದೆ.

ಪೂಜೆ ಮುಗಿಯಿತು, ಬೈಗುಳ ಶುರುವಾಯಿತು. "ಮೂರು ತಲಿ ಆತು, ಈ ಮನಿಯಾಗ ಮೀನ ಹೆಸರ ತಗದಿಲ್ಲ. ನೀ ಮೀನನ್ನ ಪ್ಯಾಂಟಿಗೆ ಹಚ್ಕೊಂಡು ಬಂದೀಯಲ್ಲೋ!" ಇವರು ಬಚ್ಚಲಿಗೆ ಓಡಿದರು. ಇನ್ನೂ ಬೈಯಬೇಕೆಂದು ಬಾಯಿ ತೆರೆದ ಅತ್ತೆ ಹಾಗೇ ನಿಂತುಬಿಟ್ಟರು. ಬೆಕ್ಕು ತಟ್ಟೆಯ ಮುಂದೆ ಕೂತು ಒಣಗಿದ ಅನ್ನವನ್ನು ಗಬಗಬ ತಿನ್ನುತ್ತಿತ್ತು.

ಅತ್ತೆ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. "ಮೀನ ವಾಸನಿ ಹೊಸ್ತಿಲ ದಾಟಿ ಒಳಗ ಬರಬಾರದು. ಬೆಕ್ಕು ಹೊಸ್ತಿಲ ದಾಟಿ ಹೊರಗ ಹೋಗಬಾರದು." ಅಂದಿನಿಂದ ಹಿತ್ತಲ ಬಾಗಿಲ ಆಚೆಗೆ ಪ್ಯಾಂಟು, ಈಚೆಗೆ ಬೆಕ್ಕು, ನಡುವೆ ಹೊಸ್ತಿಲು. ಬೆಕ್ಕು ಕುತ್ತಿಗೆ ಚಾಚಿ ದಿನವೂ ಅರ್ಧ ತಾಸು ಮೂಸುತ್ತಿತ್ತು. ಇವರು ಮನೆಗೆ ಬಂದ ಮೇಲೆ ದಿನಪತ್ರಿಕೆ ಓದುವಂತೆಯೇ ಅದೂ ಇವರ ಪ್ಯಾಂಟು ಓದುತ್ತಿತ್ತು. ಆಮೇಲೆ ಊಟ ಮಾಡಿ, ಬಾಲ ಎತ್ತಿಕೊಂಡು ಮನೆಯೆಲ್ಲ ಕುಂಟುತ್ತ ತಿರುಗುತ್ತಿತ್ತು.

ಇವರಿಗೂ ಹುರುಪು ಬಂತು. ಬಸ್ಸಿನಲ್ಲಿ ಕುರುಬರ ಕಂಬಳಿಯಿಂದ ಉದುರಿದ ಉಣ್ಣೆ, ಯಾರದೋ ಚೀಲದ ಶೇಂಗಾ ಹೊಟ್ಟು, ಎಮ್ಮೆ ಕಟ್ಟುವ ಹಗ್ಗದ ತುಂಡು, ಹೀಗೆ ಏನಾದರೂ ಜೇಬಿನಲ್ಲಿ ಬರುತ್ತಿತ್ತು. ಒಂದು ದಿನ ತೆಲಿಗಿಯಿಂದ ಒಂದು ಹಿಡಿ ಹುಲ್ಲು ತಂದರು. ನನ್ನ ತವರೂರಿನ ಹುಲ್ಲು, ಬೆಕ್ಕಿಗೆ! ನನಗೆ ಮೈಯೆಲ್ಲ ಉರಿಯಿತು. ಅದರ ತಟ್ಟೆ ತೊಳೆಯುವವಳು ನಾನು, ಅದು ಹೇಲುವ ಬೂದಿಯ ಡಬ್ಬ ಬಳಿಯುವವಳು ನಾನು, ಅದು ಬಾಗಿಲಲ್ಲಿ ಕಾಯುವುದು ಮಾತ್ರ ಇವರನ್ನು. "ನನಗೇನ ತಂದೀರಿ?" ಎಂದು ಕೇಳಿಯೇಬಿಟ್ಟೆ. "ನೀನೇನ ಊಟ ಬಿಟ್ಟಿಲ್ಲಲ್ಲ" ಎಂದರು. ಬೆಕ್ಕು ಮೂಸಿ ಬಿಟ್ಟ ಮೇಲೆ, ಯಾರೂ ಇಲ್ಲದಾಗ, ಆ ಹುಲ್ಲನ್ನು ನಾನೂ ಮೂಸಿದೆ. ನಮ್ಮ ಕಣದ ವಾಸನೆಯೇ ಇತ್ತು.

ಮಳೆಗಾಲ ಶುರುವಾದಾಗ ಇವರಿಗೆ ಸೊಂಟ ಹಿಡಿಯಿತು. ಬಸ್ಸು ಹತ್ತುವುದು ಬೇಡವೆಂದು ಬಸ್ ಸ್ಟ್ಯಾಂಡಿನಲ್ಲೇ ಶಾಲೆ ಹುಡುಗರಿಗೆ ಪಾಸು ಕೊಡುವ ಕೌಂಟರಿನಲ್ಲಿ ಕೂರಿಸಿದರು. ಈಗ ಇವರು ಬರಿಯ ಗೋಂದು ಮತ್ತು ಚಹಾದ ವಾಸನೆ ಹೊತ್ತು ಬರತೊಡಗಿದರು. ಬೆಕ್ಕು ಒಮ್ಮೆ ಮೂಸಿ ಮುಖ ತಿರುಗಿಸಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಗೋಡೆ, ಮತ್ತೆ ಒಣಗಿದ ಅನ್ನ.

ಅತ್ತೆ ಒಂದು ಬೆಳಗ್ಗೆ ನನ್ನ ಮುಂದೆ ಬಂದು ನಿಂತರು. "ಹಗರಿಬೊಮ್ಮನಹಳ್ಳಿ ಸಂತಿ ಐತಿ ಇವತ್ತ. ನೀ ಹೋಗಿ ಬಾ."

"ಏನ ತರಬೇಕ್ರಿ ಅತ್ತಿ?"

"ಏನೂ ತರಬ್ಯಾಡ. ತಿರುಗಾಡಿ ಬಾ. ಹಳೇ ನೂಲಿನ ಸೀರಿ ಉಡು, ವಾಸನಿ ಚಲೋ ಹಿಡೀತೈತಿ."

ಬಾಗಿಲು ದಾಟುತ್ತಿದ್ದಂತೆ ಎದುರುಮನೆಯಾಕೆ ಕಸ ಹೊಡೆಯುವುದನ್ನು ನಿಲ್ಲಿಸಿ, "ಎಲ್ಲಿಗೆ ಹೊಂಟೀರಿ, ಒಬ್ಬಾಕೀನ?" ಎಂದು ಕೇಳಿದಳು. "ಬೆಕ್ಕಿಗೆ ವಾಸನಿ ತರಾಕ" ಎಂದೆ. ಆಕೆಯ ಕೈಯ ಪೊರಕೆ ಎಷ್ಟು ಹೊತ್ತು ಗಾಳಿಯಲ್ಲೇ ನಿಂತಿತ್ತೋ ನಾನು ತಿರುಗಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಕೌಂಟರಿನ ಜಾಲರಿಯ ಹಿಂದಿನಿಂದ ಇವರು ಕಣ್ಣರಳಿಸಿ ಕೇಳಿದರು, "ಎಲ್ಲಿಗೆ?"

"ಡ್ಯೂಟಿಗ್ರಿ" ಎಂದು ಹೇಳಿ ಬಸ್ಸು ಹತ್ತಿದೆ.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಳೆ ಬಿದ್ದ ಮಣ್ಣು, ಹೊಗೆ, ಯಾರದೋ ಎಲೆಯಡಿಕೆ, ಎಲ್ಲವನ್ನೂ ಮೂಗು ತುಂಬ ಎಳೆದುಕೊಂಡೆ. ಸಂತೆಯಲ್ಲಿ ಕುರಿಗಳ ನಡುವೆ ನುಗ್ಗಿ ಒಂದರ ಬೆನ್ನಿಗೆ ಸೆರಗು ಉಜ್ಜಿದೆ. ಕುರಿಯವನು, "ಯಾವುದು ಬೇಕವ್ವಾ? ಹಲ್ಲು ನೋಡ್ತೀಯೇನು?" ಎಂದ. "ಬ್ಯಾಡಪ್ಪ, ಬರೇ ಒರಸ್ಕೊಂಡು ಹೋಗ್ತೀನಿ" ಎಂದೆ. ಅವನು ಕುರಿಯನ್ನು ನನ್ನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡ. ಹಡಗಲಿಯಿಂದ ಬಂದ ಮಲ್ಲಿಗೆಯನ್ನು ಒಂದು ಮೊಳ ಕೊಂಡೆ. ಬೆಂಚಿನ ಮೇಲೆ ಕೂತು ಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿಂದೆ. ಯಾರಿಗೂ ಬಡಿಸದೆ, ಯಾರೂ ಕರೆಯದೆ ಕೂತು ತಿಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಪ್ಲೇಟು ಹೇಳಿದೆ.

ಮನೆಗೆ ಬಂದಾಗ ಬೆಕ್ಕು ನನ್ನ ಸೀರೆಯ ಅಂಚಿನಿಂದ ಶುರುಮಾಡಿತು. ಮಲ್ಲಿಗೆಗೆ ಸೀನಿತು, ಕುರಿಯ ಸೆರಗಿಗೆ ಬಂದಾಗ ಕಣ್ಣು ಮುಚ್ಚಿತು. "ಅದು ಮುಗಿಸೋತನ ಅಲ್ಲಾಡಬ್ಯಾಡ" ಎಂದು ಅತ್ತೆ ನನ್ನನ್ನು ಕಂಬದ ಹಾಗೆ ನಿಲ್ಲಿಸಿ, ಎಲ್ಲೆಲ್ಲಿ ಹೋದೆ, ಯಾರು ಏನಂದರು ಎಂದು ಒಂದೊಂದಾಗಿ ಕೇಳಿದರು. ಅವತ್ತು ತಟ್ಟೆ ಖಾಲಿಯಾಯಿತು.

ಆಮೇಲೆ ಹುಣಸೆಹಣ್ಣಿನ ಕಾಲದವರೆಗೂ ನನ್ನ ಡ್ಯೂಟಿ ನಡೆಯಿತು. ಕೂಡ್ಲಿಗಿ ನೋಡಿದೆ, ಹಡಗಲಿ ನೋಡಿದೆ. ಕಾನಹೊಸಹಳ್ಳಿಯ ಹೈವೇಯಿಂದ ತಂದ ಡೀಸೆಲ್ ವಾಸನೆಗೆ ಬೆಕ್ಕು ನನ್ನ ಮೇಲೆ ಇಡೀ ದಿನ ಮುನಿಸಿಕೊಂಡಿತು. ಬೆಕ್ಕಿನ ಹೊಟ್ಟೆಯ ಮೇಲೆ ಹೊಸ ಕೂದಲು ಬಂತು.

ಇವರ ಸೊಂಟ ಸರಿಹೋಯಿತು. ಹಲವಾಗಲಿನ ಬಸ್ಸಿಗೇ ಮತ್ತೆ ಹಾಕಿದರು. ಮೊದಲ ದಿನವೇ ಪ್ಯಾಂಟು ಹೊಸ್ತಿಲಾಚೆ ಬಂತು. ಬೆಕ್ಕು ಪ್ಯಾಂಟಿನ ಕಾಲನ್ನು ಒಳಕ್ಕೆ ಎಳೆದುಕೊಂಡು, ಅದರೊಳಗೆ ತಲೆ ತೂರಿಸಿ ಗುರುಗುಟ್ಟತೊಡಗಿತು. ನಾನು ಬಾಗಿಲಿಗೆ ಮುಖಮಾಡಿ ಕೂತು ತೊಗರಿಬೇಳೆ ಆರಿಸುತ್ತಿದ್ದೆ. ಬೇಳೆ ಯಾವುದು, ಕಲ್ಲು ಯಾವುದು ಎಂದು ಕಾಣದಷ್ಟು ಅಳು ಬಂದಿತ್ತು. ಬೆಕ್ಕು ಬದುಕಿತು, ನನ್ನ ಕೆಲಸ ಹೋಯಿತು.

ಅತ್ತೆ ನನ್ನನ್ನು ನೋಡಿದರು, ಬೆಕ್ಕನ್ನು ನೋಡಿದರು. "ಬೆಕ್ಕಿಗೆ ಇವನ ವಾಸನಿ ಒಗ್ಗಂಗಿಲ್ಲ" ಎಂದರು.

"ಯವ್ವಾ, ಅಲ್ಲಿ ನೋಡು, ಹೆಂಗ ಮೂಸಾಕತ್ತೈತಿ!" ಎಂದು ಇವರು ಪ್ಯಾಂಟಿನೊಳಗಿನ ಬೆಕ್ಕನ್ನು ತೋರಿಸಿದರು.

"ನಿನಗೇನ ಗೊತ್ತೈತಿ? ದಿನಾ ಬಾಗಿಲ ಕಡೀಗೆ ನೋಡಕೋತ ಕುಂದರತೈತಿ ಪಾಪ. ನಾ ನೋಡೀನಿ" ಎಂದು ಅತ್ತೆ ನನ್ನ ಮಡಿಲಿನ ಮೊರವನ್ನು ತಾವೇ ಎತ್ತಿಕೊಂಡರು. "ನಾಳೆ ಹಡಗಲಿಗೆ ಹೋಗಿ ಬಾ, ತಂಗಿ. ಹೊತ್ತಾದರೂ ಚಿಂತಿಲ್ಲ."