ಟೈರಿನೊಳಗಿನ ಗಾಳಿ

ಉಗಾರ ಖುರ್ದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಸುಮೇಧ ಕಾಂಬಳೆಯ ಪಾಠ ಎಂಥ ದಡ್ಡನ ತಲೆಗೂ ಹತ್ತುತ್ತಿತ್ತು. "ಮುಚ್ಚಿದ ಡಬ್ಬಿಯೊಳಗಿನ ಗಾಳಿಗೆ ಹಿಗ್ಗಲು ಜಾಗವಿಲ್ಲ. ಕಾಸಿದರೆ ಶಾಖವೆಲ್ಲ ಒಳಗೇ ಉಳಿದು ಒತ್ತಡ ಏರುತ್ತದೆ" ಎಂದು ಗಲ್ಲ ಉಬ್ಬಿಸಿ ತೋರಿಸುತ್ತಿದ್ದ. ಹುಡುಗರು ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ. ಕಾಲೇಜು ಬಿಟ್ಟನೆಂದರೆ ಬೇರೆಯೇ ಮನುಷ್ಯ. ಮನೆಯ ಟ್ರ್ಯಾಕ್ಟರ್ ಕಬ್ಬು ಹೊರುತ್ತಿತ್ತು. ಹಂಗಾಮು ಬಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಪಾಳಿ ಬಿಟ್ಟು ಅವನಿಗೆ ಲೋಕವೇ ಕಾಣುತ್ತಿರಲಿಲ್ಲ.

೨೦೧೨ರ ಹಂಗಾಮಿನಲ್ಲಿ, ಅದೇ ಪಾಠ ಮುಗಿಸಿ ಬಂದ ದಿನ, ಕಬ್ಬು ತುಂಬಿದ ಟ್ರೇಲರಿನ ಗಾಲಿಯ ರಿಮ್ ಸೀಳಿತು. ಗಾಲಿ ಕಳಚಿ ಶಮಶೇರನ ವೆಲ್ಡಿಂಗ್ ಅಂಗಡಿಗೆ ಉರುಳಿಸಿಕೊಂಡು ಬಂದ.

"ಟೈರ್ ಬಿಚ್ಚಬೇಕಾಗ್ತೈತ್ರಿ ಸರ್. ಇಲ್ಲಂದ್ರ ರಬ್ಬರ್ ಸುಡತೈತಿ," ಎಂದ ಶಮಶೇರ.

"ಅಷ್ಟರಾಗ ನನ್ನ ಪಾಳಿ ಹೋಗ್ತೈತಿ ಭಾಯ್. ಹಸಿ ಗೋಣಿಚೀಲ ಸುತ್ತಿ ಹಂಗ ವೆಲ್ಡಿಂಗ್ ಹೊಡೀರಿ."

ಶಮಶೇರನಿಗಿದ್ದದ್ದು ರಬ್ಬರಿನ ಚಿಂತೆ. ರಿಮ್ ಸೀಳಿದ್ದರೂ ಒಳಗಿನ ಟ್ಯೂಬಿನಲ್ಲಿ ಗಾಳಿ ಬಿಗಿದು ಕೂತಿದೆ ಎಂಬುದು ಸುಮೇಧನಿಗೆ ಹೊಳೆಯಿತು. ಗಾಳಿ ಬಿಡೋಣವೆಂದರೆ ಮತ್ತೆ ತುಂಬಿಸಲು ಇನ್ನೊಂದು ಅಂಗಡಿಗೆ ಅಲೆಯಬೇಕು. ಇಷ್ಟೇ ಇಷ್ಟು ಸೀಳಿಗೆ ಏನಾದೀತು ಎಂದು ಮಾತು ನುಂಗಿಕೊಂಡು, ತಾನು ಮಾತ್ರ ಹಿಂದಕ್ಕೆ ಸರಿದು ನಿಂತ. ಹಾಗೆ ಸರಿದದ್ದಕ್ಕೆ ಅವನು ತನ್ನನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಟೈರ್ ಒಡೆದ ಸದ್ದಿಗೆ ಓಣಿಯೆಲ್ಲ ಹೊರಗೆ ಬಂತು. ರಿಮ್ಮಿನ ಚೂರು ಬಡಿದ ಶಮಶೇರನ ಬಲಗೈಯನ್ನು ಮಿರಜದ ಆಸ್ಪತ್ರೆಯಲ್ಲಿ ಮೊಣಕೈವರೆಗೆ ಕತ್ತರಿಸಿದರು. ಮಂದಿ ಬೈದದ್ದೂ ಅವನನ್ನೇ: ಇಷ್ಟು ವರ್ಷ ಕಸಬು ಮಾಡಿದವನು ಟೈರ್ ಬಿಚ್ಚದೆ ಕೈ ಹಚ್ಚಿದನಲ್ಲ! ಸುಮೇಧ ಎಲ್ಲ ಕೇಳಿಸಿಕೊಂಡ, ಬಾಯಿ ಬಿಡಲಿಲ್ಲ. ತರಗತಿಯಲ್ಲಿ ಗಲ್ಲ ಉಬ್ಬಿಸುವುದನ್ನು ಬಿಟ್ಟ.

ಕಡೆಗೊಂದು ರವಿವಾರ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿಬಿಡಬೇಕೆಂದೇ ಶಮಶೇರನ ಮನೆಗೆ ಹೋದ. ಹೆಂಡತಿ ಸಕೀನಾಬಿ ಚಹಾ ತಂದಿಟ್ಟಳು.

"ಭಾಯ್, ಅವತ್ತ ನಾ ಅವಸರ ಮಾಡಬಾರದಿತ್ತು," ಎಂದು ಶುರು ಮಾಡಿದ.

ಶಮಶೇರ ಎಡಗೈಯಿಂದ ಅವನ ಭುಜ ತಟ್ಟಿದ. "ಬಿಡ್ರಿ ಸರ್, ತಪ್ಪು ನಂದು. ನೀವು ಸಾಲಿ ಕಲಸೋ ಮಂದಿ. ಗಾಳಿ ಕಾದ್ರ ಹಿಂಗ ಒಡಿತೈತಿ ಅಂತ ನಿಮಗ ಹೆಂಗ ಗೊತ್ತಾಗಬೇಕು?"

ಬಾಗಿಲಲ್ಲಿ ನಿಂತ ಸಕೀನಾಬಿ ಸುಮೇಧನ ಮುಖವನ್ನೇ ನೋಡುತ್ತಿದ್ದಳು. ಹೇಳಲು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಹೌದ್ರಿ ಭಾಯ್," ಎಂದ ಸುಮೇಧ, "ನನಗ ಗೊತ್ತಿರಲಿಲ್ಲ."