ಜೀಪಿಗೆ ದೋಣಿಯ ಎಂಜಿನ್

"ಅಮ್ಮಾ, ಜೀಪಜ್ಜಂಗೆ ಮುಖ ಇದೆಯಾ?"

ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡೇ ಮಗಳು ಕೇಳಿದಳು. ನಗು ಬಂತಾದರೂ ಅವಳ ಸಂಶಯದಲ್ಲಿ ತಪ್ಪೇನಿರಲಿಲ್ಲ. ನಮ್ಮ ಕಟ್ಟಡದ ಅಂಗಳದಲ್ಲಿ ಒಂದು ಹಳೇ ಜೀಪು ನಿಂತಿದೆ. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತವೆ. ಬುದ್ಧಿ ಬಂದಾಗಿನಿಂದ ಅವಳು ಕಂಡಿರುವ ಜೀಪಜ್ಜ ಅಷ್ಟೇ. ಒಂದು ಕಾಲಿಗೆ ನೀಲಿ ಚಪ್ಪಲಿ, ಇನ್ನೊಂದು ಬರಿಗಾಲು. ಆ ಇನ್ನೊಂದು ಚಪ್ಪಲಿ, ಜೀಪು ಜಾರದಿರಲಿ ಅಂತ ಚಕ್ರಕ್ಕೆ ಅಡ್ಡ ಕೊಟ್ಟಿರುತ್ತದೆ. ಸವೆದ ಚಪ್ಪಲಿಯೊಂದನ್ನು ನಂಬಿ ಅಷ್ಟು ದೊಡ್ಡ ಕಬ್ಬಿಣದ ಕೆಳಗೆ ಮಲಗುವ ಧೈರ್ಯ ಯಾರಿಗಿದೆ?

"ಇದೆ ಪುಟ್ಟಿ. ಮೀಸೆನೂ ಇದೆ."

"ಮತ್ತೆ ಯಾಕೆ ತೋರಿಸಲ್ಲ?"

"ಜೀಪು ಓಡಿದ ದಿನ ತೋರಿಸ್ತಾರೆ. ಮೊದಲು ಬಾಯಿ ತೊಳ್ಕೋ."

ಮಗಳಿಗೆ ಜೀಪಜ್ಜ, ಉಳಿದವರಿಗೆಲ್ಲ ಲಿಫ್ಟಣ್ಣ. ನೆಲಮಹಡಿಯ ಮನೆ ಅವರದು. ಕೆಲಸದಿಂದ ಬಿಡುಗಡೆಯಾಗುವ ತನಕ ಊರಿನ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವರು. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಬೇಸಿಗೆಯಲ್ಲಿ ತರಕಾರಿ ಚೀಲ, ಮಗು, ಛತ್ರಿ ಹೊತ್ತು ಮೆಟ್ಟಿಲೇರುವಾಗ ನಾನು ಅವರ ಕಾಲುಗಳ ಕಡೆ ಸ್ವಲ್ಪ ಸಿಟ್ಟಿನಿಂದಲೇ ನೋಡುತ್ತಿದ್ದೆ.

ಅವರ ಹೆಂಡತಿ ಟೈಲರಕ್ಕ. ಹೊಲಿಗೆ ಮೆಷಿನ್ನನ್ನು ಕಿಟಕಿಗೆ ತಾಗಿಸಿ ಇಟ್ಟುಕೊಂಡಿದ್ದಾರೆ. ಕೈ ಬಟ್ಟೆಯ ಮೇಲೆ, ಕಣ್ಣು ಸೂಜಿಯ ಮೇಲೆ, ನಾಲಿಗೆ ಗಂಡನ ಮೇಲೆ.

"ಮದುವೆಯಾದ ಮೇಲೆ ನನ್ನ ಪಕ್ಕ ಇಷ್ಟು ಹೊತ್ತು ಮಲಗಿಲ್ಲ ಕಣೇ ಈ ಮನುಷ್ಯ. ಅದರ ಕೆಳಗೆ ನೋಡು, ಹೇಗೆ ಹಾಯಾಗಿದ್ದಾರೆ."

ಕೆಳಗಿನಿಂದ ಉತ್ತರ ಬರುತ್ತಿತ್ತು. "ಅದು ಗೊರಕೆ ಹೊಡೆಯಲ್ಲ."

"ಹೊಡೆದಿದ್ರೆ ಒಳ್ಳೇದಿತ್ತು. ಜೀವ ಇದೆ ಅಂತಾದರೂ ಗೊತ್ತಾಗ್ತಿತ್ತು."

ಹೌದು, ಜೀಪಿಗೆ ಜೀವ ಇರಲಿಲ್ಲ. ಕೊಂಡು ತಂದ ವಾರದಲ್ಲೇ ಅದರ ಎಂಜಿನ್ ಕೆಮ್ಮಿ ಕೆಮ್ಮಿ ಕಣ್ಣು ಮುಚ್ಚಿತ್ತು. ಹೊಸದು ಸಿಗಲಿಲ್ಲ. ಕೊನೆಗೆ ಗುಜರಿಯವನ ಅಂಗಡಿಯಲ್ಲಿ ಯಾವುದೋ ಒಡೆದ ದೋಣಿಯಿಂದ ಬಿಚ್ಚಿದ ಡೀಸೆಲ್ ಎಂಜಿನ್ ಸಿಕ್ಕಿತು. ತಳ್ಳುಗಾಡಿಯ ಮೇಲೆ ಹಸಿರು ಬಣ್ಣದ ಆ ಗುಡಾಣ ಬಂದಿಳಿದಾಗ ಟೈಲರಕ್ಕ ಕಿಟಕಿಯಿಂದ ಕೇಳಿದರು, "ಇದೇನು, ದೋಣಿಯದ್ದಾ? ಹಾಗಾದ್ರೆ ಹುಟ್ಟು ಎಲ್ಲಿ?"

"ನೀರಲ್ಲಿ ಓಡಿದ್ದು ನೆಲದ ಮೇಲೆ ಓಡಲ್ವೇನೇ?"

"ಮೀನು ಓಡುತ್ತಾ?"

ಲಿಫ್ಟಣ್ಣ ಜೀಪಿನ ಕೆಳಗೆ ತೂರಿಕೊಂಡರು. ಉತ್ತರ ಹೊಳೆಯದಾಗ ತೂರಿಕೊಳ್ಳಲು ಜೀಪಿನಂಥ ಜಾಗ ಇನ್ನೊಂದಿಲ್ಲ.

ಒಂದು ಗಾಡಿಯ ಎಂಜಿನ್ ತೆಗೆದು ಇನ್ನೊಂದರದ್ದು ಕೂರಿಸುವುದು ಅಂದರೆ ಬಲ್ಬು ಬದಲಾಯಿಸಿದ ಹಾಗೆ ಅಂದುಕೊಂಡಿದ್ದೆ. ಅಲ್ಲ. ದೋಣಿಯ ಎಂಜಿನ್ನಿನ ಬೋಲ್ಟಿನ ತೂತುಗಳು ಜೀಪಿನ ಗೇರ್‌ಬಾಕ್ಸಿನ ತೂತುಗಳಿಗೆ ಹೊಂದಲಿಲ್ಲ. ಎರಡರ ಮಧ್ಯೆ ಕೂರಿಸಲು ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೊರೆಸಿ ತಂದರು. ಎಂಜಿನ್ ಕೂರುವ ಕಾಲುಗಳನ್ನು ಕತ್ತರಿಸಿ ಬೇರೆ ಬೆಸುಗೆ ಹಾಕಿಸಿದರು. ಇಷ್ಟೆಲ್ಲ ಆದ ಮೇಲೆ ಬಾನೆಟ್ ಮುಚ್ಚಲಿಲ್ಲ. ಅದರಲ್ಲೊಂದು ಚೌಕ ಕತ್ತರಿಸಿದರು. ಎಂಜಿನ್ನಿನ ತಲೆ, ಕೂದಲು ಕತ್ತರಿಸಿಕೊಳ್ಳಲು ಕೂತವನ ಹಾಗೆ ಅಲ್ಲಿಂದ ಹೊರಗೆ ಇಣುಕಿತು.

ಈ ಯಜ್ಞಕ್ಕೆ ನಮ್ಮ ಮನೆಯಿಂದಲೂ ಸಾಮಾನು ಹೋಯಿತು. ಕೇಳಿ ತೆಗೆದುಕೊಳ್ಳುವ ಅಭ್ಯಾಸ ಲಿಫ್ಟಣ್ಣನಿಗಿಲ್ಲ. ಮೊದಲು ಹಾಲಿನ ಬಾಟಲಿ ತೊಳೆಯುವ ಬ್ರಶ್ಶು ಕಾಣೆಯಾಯಿತು. ಡೀಸೆಲ್ ಪೈಪಿನೊಳಗೆ ಸಿಕ್ಕಿತು. ಆಮೇಲೆ ಮಗಳ ಸ್ನಾನದ ಟಬ್ಬು. ಬಿಸಿಲಿಗೆ ಒಣಗಲು ಇಟ್ಟಿದ್ದೆ, ಬಂದು ನೋಡಿದರೆ ಅದರ ತುಂಬ ಕಪ್ಪು ಎಣ್ಣೆ, ಮೇಲೆ ಮಗಳ ಹಳದಿ ರಬ್ಬರ್ ಬಾತುಕೋಳಿ ತೇಲುತ್ತಿತ್ತು. ಕಪ್ಪಾಗಿತ್ತು, ಪಾಪ. ಮಗಳು ಮಾತ್ರ "ಅದು ಕಾಗೆ ಆಯ್ತು!" ಅಂತ ಕುಣಿದಳು.

"ಒಂದು ಮಾತು ಕೇಳಬಾರದಾ ಲಿಫ್ಟಣ್ಣ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ, ಮಗಳೇ."

ವಾದದಲ್ಲಿ ಹುರುಳಿತ್ತು.

ಸಿಟ್ಟು ಇಳಿದದ್ದು ಅವತ್ತೇ. ಬಾತುಕೋಳಿ ತೊಳೆಯುತ್ತಾ ಜೀಪಿನ ಪಕ್ಕದಲ್ಲಿ ಕೂತಿದ್ದೆ. ಲಿಫ್ಟಣ್ಣ ಕೆಳಗಿನಿಂದ ಮೆಲ್ಲಗೆ ಹೇಳಿದರು. "ಬೆಟ್ಟದ ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿಗೆ ದಿನಾ ಸಂಜೆ ಹತ್ತಿ ಹೋಗ್ತಿದ್ಲು ಇವಳು. ಮಂಡಿ ಹೋದ ಮೇಲೆ ನಿಂತುಹೋಯ್ತು. ಆ ಕಲ್ಲುದಾರೀಲಿ ಬೇರೆ ಗಾಡಿ ಹತ್ತಲ್ಲ. ಊರಿನ ಜನರನ್ನೆಲ್ಲ ಇಡೀ ಜೀವಮಾನ ಮೇಲೆ ಹತ್ತಿಸಿದೆ. ಕಟ್ಟಿಕೊಂಡವಳನ್ನ ಹತ್ತಿಸಕ್ಕಾಗ್ತಿಲ್ಲ. ಅವಳಿಗೆ ಹೇಳ್ಬೇಡ, ಆಯ್ತಾ?"

ಟೈಲರಕ್ಕನಿಗೆ ಇದು ಗೊತ್ತಿರಲಿಲ್ಲವೆಂದು ಹೇಳಲಾರೆ. ಮರುವಾರ ಮಗಳ ಫ್ರಾಕು ಉದ್ದ ಮಾಡಿಸಲು ಹೋದಾಗ ಅವರು ದಪ್ಪ ಟಾರ್ಪಾಲಿನ್ ಬಟ್ಟೆ ಹೊಲಿಯುತ್ತಿದ್ದರು. ಅದಕ್ಕೆ ನಾಲ್ಕು ಮೂಲೆಗೂ ಗುಂಡಿ, ಅಂಚಿಗೆ ಕೆಂಪು ಪಟ್ಟಿ.

"ಏನಕ್ಕ ಇದು?"

"ಆ ಮುಂಡೇದಕ್ಕೆ ಟೋಪಿ. ಬಾನೆಟ್ಟಿಗೆ ತೂತು ಮಾಡಿ ಕೂತಿದ್ದಾರಲ್ಲ, ಮಳೆ ಬಂದ್ರೆ ನೆಗಡಿ ಆಗಲ್ವಾ?" ಅಂದವರೇ ದಾರವನ್ನು ಹಲ್ಲಿನಿಂದ ಕಡಿದು ಕಿಟಕಿಯಾಚೆ ನೋಡಿದರು. ಅಲ್ಲಿಂದ ಬೆಟ್ಟದ ಸೊಂಟದಷ್ಟೇ ಕಾಣುತ್ತದೆ, ತುದಿ ಕಾಣುವುದಿಲ್ಲ.

ಇಷ್ಟರಲ್ಲಿ ಸೆಕ್ರೆಟರಿಯವರು ಮಧ್ಯೆ ಬಂದರು. ಮೇಲಿನ ಮಹಡಿಯವರು, ಕಟ್ಟಡದ ಕಾಯಿದೆಗಳೆಲ್ಲ ಅವರವೇ. ಮೆಟ್ಟಿಲ ಮೇಲೆ ಓಡಬಾರದು, ನಿಲ್ಲಲೂಬಾರದು. ಜೀಪಿನಿಂದಾಗಿ ಅವರ ಸ್ಕೂಟರು ಬೀದಿಯಲ್ಲಿ ನಿಲ್ಲಬೇಕಾಗಿತ್ತು. ಅಂಗಳದಲ್ಲೇ ಸಭೆ ಕರೆದರು. ಲಿಫ್ಟಣ್ಣನ ಕಾಲುಗಳು ಸಭೆಗೆ ಹಾಜರಿದ್ದವು.

"ಬರೋ ಭಾನುವಾರ ಈ ಗಾಡಿ ತನ್ನ ಎಂಜಿನ್ನಿನಿಂದಲೇ ಗೇಟು ದಾಟಬೇಕು. ಯಾರೂ ತಳ್ಳೋ ಹಾಗಿಲ್ಲ. ದಾಟದಿದ್ರೆ ಅವತ್ತೇ ಗುಜರಿಗೆ," ಅಂದರು ಸೆಕ್ರೆಟರಿ.

"ದಾಟಿದ್ರೆ?" ಕಾಲುಗಳು ಕೇಳಿದವು.

"ದಾಟಿದ್ರೆ ಜಾಗ ನಿಮ್ಮದೇ. ನಾನು ತುಟಿ ಬಿಚ್ಚಲ್ಲ."

"ಆಯ್ತು." ಬರಿಗಾಲಿನ ಹೆಬ್ಬೆರಳು ಒಮ್ಮೆ ಅಲ್ಲಾಡಿತು.

ಶನಿವಾರ ಮಧ್ಯಾಹ್ನ ಪರೀಕ್ಷೆ. ಹಿಂದಿನ ಚಕ್ರಗಳು ನೆಲಕ್ಕೆ ತಾಗದಂತೆ ಜೀಪನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿದ್ದರು. ಎಂಜಿನ್ ಎರಡು ಸಲ ಗೊಣಗಿ, ಮೂರನೇ ಸಲಕ್ಕೆ ಹೊತ್ತಿಕೊಂಡಿತು. ಟಕಟಕಟಕ ಸದ್ದಿಗೆ ಮೇಲಿನ ಮಹಡಿಯ ಗಾಜುಗಳೆಲ್ಲ ಕುಣಿದವು. ಲಿಫ್ಟಣ್ಣ ಜೀಪಿನ ಕೆಳಗಿನಿಂದಲೇ ಗೇರು ಹಾಕಿದರು. ಚಕ್ರ ಗಿರ್ರನೆ ತಿರುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ಅಮ್ಮಾ, ಚಕ್ರ ಉಲ್ಟಾ ತಿರುಗ್ತಿದೆ," ಅಂದಳು ಮಗಳು.

"ಜೋರಾಗಿ ತಿರುಗಿದ್ರೆ ಹಾಗೇ ಕಾಣುತ್ತೆ ಪುಟ್ಟಿ. ಸಿನಿಮಾದಲ್ಲಿ ನೋಡಿಲ್ವಾ?" ಅಂತ ನಾನು ದೊಡ್ಡ ವಿಜ್ಞಾನಿಯ ಹಾಗೆ ಹೇಳಿದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಬಾಲ್ಕನಿಯಲ್ಲಿ, ನಾನೂ ಮಗಳೂ ಕೆಳಗೆ ಗೇಟಿನ ಪಕ್ಕ. ಗೇಟಿನಾಚೆ ಗುಜರಿಯವನು ತನ್ನ ಲಾರಿ ನಿಲ್ಲಿಸಿಕೊಂಡು, ಬಾನೆಟ್ಟಿಗೆ ಒರಗಿ ಟೀ ಕುಡಿಯುತ್ತಿದ್ದ. ಎಂಜಿನ್ ಮಾರಿದವನೂ ಅವನೇ, ಜೀಪು ಒಯ್ಯಲು ಬಂದವನೂ ಅವನೇ. ಜೀಪು ಗೇಟಿಗೆ ಮುಖ ಮಾಡಿ ನಿಂತಿತ್ತು, ತಲೆಗೆ ಕೆಂಪಂಚಿನ ಟೋಪಿ. ಲಿಫ್ಟಣ್ಣ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಎರಡೂ ಚಪ್ಪಲಿ ಮೆಟ್ಟಿ, ಸ್ಟೀರಿಂಗ್ ಹಿಂದೆ ಕೂತರು.

"ಅಮ್ಮಾ, ಮೀಸೆ!" ಮಗಳು ಕಿರುಚಿದಳು. ಮುಖ ಕಂಡಿತ್ತು.

ಎಂಜಿನ್ ಹೊತ್ತಿತು. ಲಿಫ್ಟಣ್ಣ ಕಿಟಕಿಯ ಕಡೆ ಒಮ್ಮೆ ನೋಡಿ, ಗೇಟಿನ ಕಡೆ ಕೈ ತೋರಿಸಿ, ಫಸ್ಟ್ ಗೇರು ಹಾಕಿ ಕ್ಲಚ್ ಬಿಟ್ಟರು.

ಜೀಪು ಹಿಂದಕ್ಕೆ ಹೋಯಿತು.

ಹಿಂದಿದ್ದದ್ದು ಬಟ್ಟೆ ಒಣಹಾಕುವ ಹಗ್ಗ. ನನ್ನ ಎರಡು ದಿಂಬಿನ ಕವರು, ಸೆಕ್ರೆಟರಿಯವರ ಪಟ್ಟೆಪಟ್ಟೆ ಪೈಜಾಮ, ಎಲ್ಲವನ್ನೂ ಹೊದ್ದುಕೊಂಡು ಜೀಪು ನಿಂತಿತು.

"ಗೇರು ತಪ್ಪಾಯ್ತು," ಅಂದರು ಲಿಫ್ಟಣ್ಣ. ಸೆಕೆಂಡ್ ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ನೀರಿನ ತೊಟ್ಟಿಗೆ ಒಂದು ಗೇಣಿರುವಾಗ ಬ್ರೇಕ್ ಹಿಡಿಯಿತು.

"ನನ್ನ ಪೈಜಾಮ!" ಮೇಲಿನಿಂದ ಸೆಕ್ರೆಟರಿ.

"ರೀ, ಗೇಟು ಆ ಕಡೆ!" ಕಿಟಕಿಯಿಂದ ಟೈಲರಕ್ಕ.

ಗುಜರಿಯವನು ಟೀ ಲೋಟ ಕೆಳಗಿಟ್ಟು ಒಳಗೆ ಬಂದ. ಬಾನೆಟ್ಟಿನ ಟೋಪಿ ಎತ್ತಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಇದು ಎಡಗಡೆದು! ಆ ದೋಣಿಗೆ ಜೋಡಿ ಎಂಜಿನ್ ಇತ್ತು. ಒಂದು ಬಲಕ್ಕೆ ತಿರುಗೋದು, ಒಂದು ಎಡಕ್ಕೆ. ಎರಡೂ ಒಂದೇ ಕಡೆ ತಿರುಗಿದ್ರೆ ದೋಣಿ ಸೊಟ್ಟಗೆ ಹೋಗುತ್ತಂತೆ. ಗಾಡಿಗೆ ಆಗೋದು ಬಲಗಡೆದು. ಅದನ್ನ ಕಲ್ಲು ಒಡೆಯೋರಿಗೆ ಕೊಟ್ಟುಬಿಟ್ಟೆ."

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

"ನೀವು ಕೇಳ್ಲಿಲ್ಲ. ದೋಣಿ ಕಟ್ತಿದ್ದೀರೇನೋ ಅಂದ್ಕೊಂಡೆ."

ಲಿಫ್ಟಣ್ಣ ಸ್ಟೀರಿಂಗಿನ ಮೇಲೆ ಹಣೆ ಇಟ್ಟರು. ಎಂಜಿನ್ ಎಡಕ್ಕೆ ತಿರುಗುವುದನ್ನು ಮೊದಲ ದಿನವೇ ಕಂಡಿದ್ದರಂತೆ. ಆಮೇಲೆ ತಾವೇ ಹೇಳಿದರು. ಆದರೆ ಲಿಫ್ಟಿನ ಮೋಟರು ನೋಡಿ, ಎರಡು ತಂತಿ ಅದಲುಬದಲು ಮಾಡಿದರೆ ಯಾವ ಕಡೆ ಬೇಕಾದರೂ ತಿರುಗುತ್ತದೆ. ಮೇಲೆ ಹೋಗುವುದೂ ಅದೇ ಮೋಟರು, ಕೆಳಗಿಳಿಯುವುದೂ ಅದೇ. ಜೀವಮಾನವೆಲ್ಲ ಅದನ್ನೇ ಮಾಡಿದವರಿಗೆ ದಿಕ್ಕು ಅನ್ನುವುದು ಕೊನೆಗೆ ನೋಡಿಕೊಳ್ಳುವ ಸಣ್ಣ ವಿಷಯ. ಡೀಸೆಲ್ ಎಂಜಿನ್ನಿಗೆ ಅದಲುಬದಲು ಮಾಡಲು ತಂತಿಯೇ ಇಲ್ಲ.

ಹೀಗಾಗಿ ಅವರ ಜೀಪಿಗೆ ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಒಂದೂ ಇಲ್ಲ ಅಂದುಕೊಂಡೆವು.

ಗುಜರಿಯವನು ಲಾರಿಯಿಂದ ಸರಪಳಿ ಎಳೆದ. ಆ ಸದ್ದು ಕೇಳಿ ಟೈಲರಕ್ಕನ ಮೆಷಿನ್ ನಿಂತುಹೋಯಿತು. ಅವರು ಕಿಟಕಿಯಲ್ಲಿ ಇರಲಿಲ್ಲ.

ಮಗಳು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಉಲ್ಟಾ ಗೇರು ಹಾಕಿದ್ರೆ?"

ಈ ಸಲ ನಾನು ವಿಜ್ಞಾನ ಹೇಳಲಿಲ್ಲ. "ಲಿಫ್ಟಣ್ಣಾ, ರಿವರ್ಸ್ ಹಾಕಿ ನೋಡಿ!"

ಅವರು ಹಣೆ ಎತ್ತಿದರು. ರಿವರ್ಸ್ ಹಾಕಿದರು. ಕೀ... ಅಂತ ಕಿವಿ ತೂತಾಗುವ ಹಾಗೆ ಕಿರುಚುತ್ತಾ ಜೀಪು ಮುಂದಕ್ಕೆ ಬಂತು. ಏನು ಬರುವುದು, ತುಂಬು ಗರ್ಭಿಣಿ ಮೆಟ್ಟಿಲಿಳಿದ ಹಾಗೆ. ಸೆಕ್ರೆಟರಿಯವರು ಕೆಳಗೋಡಿ ಬಂದು ಪಕ್ಕದಲ್ಲೇ ನಡೆಯುತ್ತಾ, ಯಾರಾದರೂ ತಳ್ಳುತ್ತಿದ್ದಾರಾ ಅಂತ ಹಿಂದೆ ಮುಂದೆ ಬಗ್ಗಿ ನೋಡಿದರು. ಯಾರೂ ಇಲ್ಲ. ಅವರ ಪೈಜಾಮ ಮಾತ್ರ ಹಿಂದೆ ಬಾವುಟದ ಹಾಗೆ ಹಾರಾಡುತ್ತಿತ್ತು. ಗುಜರಿಯವನು ದಾರಿ ಬಿಟ್ಟ. ಜೀಪು ಗೇಟು ದಾಟಿತು.

"ಸ್ವಂತ ಎಂಜಿನ್ನೇ ಅಲ್ವಾ ಸಾರ್?" ಅಂದೆ.

ಸೆಕ್ರೆಟರಿಯವರು ಪೈಜಾಮ ಬಿಡಿಸಿಕೊಂಡು, ಕೊಟ್ಟ ಮಾತಿನಂತೆ ತುಟಿ ಬಿಚ್ಚದೆ ಒಳಗೆ ಹೋದರು.

ತಿರುಗಿ ನೋಡಿದರೆ ಟೈಲರಕ್ಕ ಕೋಲೂರಿಕೊಂಡು ಬೀದಿಗೆ ಬಂದಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಇದನ್ನ ಸರಿ ಮಾಡೋಕಾಗುತ್ತಾ?"

"ಚಕ್ರದ ಅಚ್ಚುಗಳನ್ನ ಬೋರಲು ಹಾಕಿ ಕೂರಿಸಿದ್ರೆ ದಿಕ್ಕು ಬದಲಾಗುತ್ತೆ. ಮಳೆಗಾಲ ಕಳೆಯೋ ಹೊತ್ತಿಗೆ ಆಗುತ್ತೆ ಕಣೇ."

"ಅಷ್ಟರಲ್ಲಿ ನನ್ನ ಇನ್ನೊಂದು ಮಂಡಿನೂ ಬೋರಲು ಬಿದ್ದಿರುತ್ತೆ. ಇವತ್ತೇ ಬೆಟ್ಟ ಹತ್ತುತ್ತಾ?"

ಲಿಫ್ಟಣ್ಣ ನನ್ನ ಕಡೆ ನೋಡಿದರು. ನಾನು ಹೇಳಿಲ್ಲ ಅಂತ ತಲೆಯಾಡಿಸಿದೆ.

"ಈ ಗೇರು ಇಷ್ಟಕ್ಕೇ ಕಿರುಚ್ತಿದೆ, ಬೆಟ್ಟ ಪೂರ್ತಿ ಎಳೆದ್ರೆ ಹಲ್ಲುದುರುತ್ತೆ. ಫಸ್ಟಲ್ಲಾದ್ರೆ ಆನೆ ಹಾಗೆ ಹತ್ತುತ್ತೆ. ಆದ್ರೆ..." ಗಂಟಲು ಸರಿ ಮಾಡಿಕೊಂಡರು. "ಹಿಂದಕ್ಕೆ."

"ಹಿಂದಕ್ಕೆ ಹತ್ತಿದ್ರೆ ಮುಖ ಯಾವ ಕಡೆ ಇರುತ್ತೆ?"

"ಊರ ಕಡೆ."

ಟೈಲರಕ್ಕ ಬೆಟ್ಟದ ಕಡೆ ನೋಡಿದರು. "ನಡ್ಕೊಂಡು ಹತ್ತುವಾಗ ಊರು ಯಾವಾಗಲೂ ಬೆನ್ನ ಹಿಂದೆ ಇರ್ತಿತ್ತು. ತಿರುಗಿ ತಿರುಗಿ ನೋಡ್ತಿದ್ದೆ." ಆಮೇಲೆ ಎಂದಿನ ದನಿ ಬಂತು. "ಬ್ರೇಕ್ ಇದೆಯೇನ್ರೀ?"

"ಅದೊಂದನ್ನ ನಾನು ಮುಟ್ಟಿಲ್ಲ."

"ಹಾಗಾದ್ರೆ ಸರಿಯಾಗೇ ಇರುತ್ತೆ." ಕೋಲನ್ನು ನನ್ನ ಕೈಗೆ ಕೊಟ್ಟು, ಗಂಡನ ಹೆಗಲು ಹಿಡಿದು, ಮುಂದಿನ ಸೀಟು ಹತ್ತಿದರು. ಸೀರೆ ಸರಿಮಾಡಿಕೊಂಡು ಸೆರಗು ಹೊದ್ದು ಕೂತರು. ಆ ಜೀಪು ಬಂದಾಗಿನಿಂದ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು.

ಲಿಫ್ಟಣ್ಣ ಇಳಿದು ನನ್ನ ಹತ್ತಿರ ಬಂದರು. ಷರ್ಟಿನ ತೋಳಿಗೆ ಆಗಲೇ ಎಣ್ಣೆ ಮೆತ್ತಿತ್ತು. ದನಿ ತಗ್ಗಿಸಿ ಮಾತಾಡಿದರು.

"ಮಗಳೇ, ನಿನ್ನ ಟಬ್ಬು, ಬ್ರಶ್ಶು ಎಲ್ಲ ಕೇಳದೇ ತಗೊಂಡೆ. ಇದೊಂದನ್ನ ಮಾತ್ರ ಕೇಳ್ತೀನಿ. ಲಿಫ್ಟಿನ ತಳದ ಗುಂಡೀಲಿ ನಿಂತು ಮೇಲೆ ನೋಡೀ ನೋಡೀ ಈ ಕುತ್ತಿಗೆ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಹಿಂದಕ್ಕೆ ಮಾತ್ರ ತಿರುಗಲ್ಲ. ಪುಟ್ಟೀನ ಮಡಿಲಲ್ಲಿ ಕೂರಿಸ್ಕೊಂಡು ನೀನು ಹಿಂದುಗಡೆ ಕೂತು ದಾರಿ ನೋಡ್ತೀಯಾ? ಎಡಕ್ಕೆ ತಿರುಗಿಸ್ಬೇಕಾದ್ರೆ ನನ್ನ ಎಡಹೆಗಲು ತಟ್ಟು, ಬಲಕ್ಕಾದ್ರೆ ಬಲಹೆಗಲು. ಕೂಗಬೇಡ, ಅವಳು ಹೆದರ್ತಾಳೆ. ಅವಳು ಊರು ನೋಡ್ಕೊಂಡು ಕೂತಿರಲಿ."