ಅಳತೆಪಟ್ಟಿಯ ಸೊನ್ನೆ ತುದಿ

ಬದನವಾಳಿನಿಂದ ಮೊದಲ ಬಸ್ಸಿಗೆ ಬಂದು ನಂಜನಗೂಡಿನಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಏಪ್ರಿಲ್ ತಿಂಗಳ ಭಾನುವಾರ. ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದು, ಒಂದು ಚಿಪ್ಪು ಬಾಳೆಹಣ್ಣು ಕೊಂಡೆ. ಸಕ್ಕರೆ ಕಾಯಿಲೆಯ ಮನೆಗೆ ಹಣ್ಣು ಒಯ್ಯುವುದೋ ಬೇಡವೋ ಎಂದು ಅನುಮಾನವಾಯಿತು. ನಾಗರತ್ನಳ ಅತ್ತೆ ತಿನ್ನಲಿ ಎಂದು ಸಮಾಧಾನ ಮಾಡಿಕೊಂಡೆ.

ನಾಗರತ್ನ ಟಿ. ನರಸೀಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್, ನಾನು ನಂಜನಗೂಡು ತಾಲ್ಲೂಕಿನ ಹೈಸ್ಕೂಲಿನಲ್ಲಿ. ಕೆಲಸದಲ್ಲಿದ್ದುಕೊಂಡೇ ಇಬ್ಬರೂ ಒಂದೇ ದಿನ ಭೂಗೋಳ ಎಂ.ಎ.ಗೆ ಹೆಸರು ನೋಂದಾಯಿಸಿದ್ದೆವು. ನಮ್ಮವ್ವ ಖಾದಿ ಕೇಂದ್ರದಲ್ಲಿ ನೂಲು ತೆಗೆದು ನನ್ನನ್ನು ಓದಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ನಾಗರತ್ನಳ ಮನೆಯಲ್ಲಿ ಅವಳೇ ಮೊದಲು. ಎಂ.ಎ. ಮುಗಿಸಿ, ಲೆಕ್ಚರರ್ ಆಗಿ ಪಿಯು ಕಾಲೇಜಿನ ಮೆಟ್ಟಿಲನ್ನು ಜೊತೆಗೇ ಹತ್ತಬೇಕು ಎಂದುಕೊಂಡಿದ್ದೆವು. ಆದರೆ ಕೊನೆಯ ವರ್ಷಕ್ಕೆ ಅವಳು ಇನ್ನೂ ಫೀಸು ಕಟ್ಟಿರಲಿಲ್ಲ. ನಾಳೆಯೇ ಕೊನೆಯ ದಿನ. ಅವಳನ್ನು ಒಪ್ಪಿಸಲೆಂದೇ ಹೊರಟಿದ್ದೆ.

ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರನ ಕಣ್ಣು ನನ್ನ ತೊಡೆಯ ಮೇಲಿದ್ದ ದೊಡ್ಡ ಅಳತೆಪಟ್ಟಿಯ ಸುರುಳಿಯ ಮೇಲೆ ಬಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಲಾಂಗ್ ಜಂಪ್ ಅಳೆಯುವ ಪಟ್ಟಿ ಅದು.

"ಏನ್ ಮೇಡಂ, ಸರ್ವೆ ಆಫೀಸ್ನೋರಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನ ಅಜ್ಜಿ ತಿರುಗಿದಳು. "ಅಂಗಾರೆ ಅದಿನಾರಲ್ಲಿ ಇಳ್ಕಳವ್ವ. ನಮ್ ಭಾವ ಬದು ಒತ್ತವ್ನೆ, ಅಳ್ದ್ಬುಟ್ಟು ಓಗೀವಂತೆ."

"ನಾನು ಟೀಚರ್ ಕಣಜ್ಜಿ. ನದಿ ಅಳೆಯೋಕೆ ಹೋಗ್ತಿದೀನಿ."

"ನದೀಗೂ ಅಣ್ತಮ್ಮಂದಿರ ಜಗಳವಾ?"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಹದಿನಾರು ಎಂಬ ಆ ಊರಿನಲ್ಲಿ ಅಜ್ಜಿ ಇಳಿದುಹೋದ ಮೇಲೆ ಪಕ್ಕದ ಸೀಟು ಖಾಲಿಯಾಯಿತು. ಕೊಯ್ಲಾದ ಗದ್ದೆ, ನಾಲೆ, ತೆಂಗು ಹಿಂದಕ್ಕೆ ಸರಿಯುತ್ತಿದ್ದವು. ನಾಗರತ್ನಳಿಗೆ ಹೇಳಬೇಕಾದ ಮಾತನ್ನು ಪಾಠ ಒಪ್ಪಿಸುವವಳಂತೆ ಒಳಗೇ ಹೇಳಿಕೊಳ್ಳುತ್ತಾ ಕೂತೆ.

ಅವಳು ಜಗಲಿಯ ಮೇಲೆ ಕಾಯುತ್ತಿದ್ದಳು. ಚಪ್ಪಲಿಯ ಸದ್ದಿಗೇ, "ಬಂದ್ಯಾ? ಲೇಟು ಕಣೆ ನೀನು," ಎಂದಳು. ನನ್ನ ಮುಖ ನೋಡಲು ಕತ್ತನ್ನು ಓರೆ ಮಾಡಿದಳು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ. ಲೇಸರ್ ಆಗಿದೆ. ಅಂಚು ಕಾಣುತ್ತದೆ, ನಡುವೆ ಮಸಿ ಬಳಿದ ಹಾಗೆ. ಅತ್ತೆ ಉಪ್ಪಿಟ್ಟು, ಸಕ್ಕರೆ ಇಲ್ಲದ ಕಾಫಿ ತಂದಿಟ್ಟರು. ನಾನು ಮಾತು ತೆಗೆದೆ.

"ಪರೀಕ್ಷೆಗೆ ಬರೆಯೋರನ್ನ ಕೊಡ್ತಾರೆ ನಾಗು. ನೀನು ಹೇಳು, ಅವರು ಬರೀತಾರೆ. ನಾಳೆ ಒಂದಿನ ಇದೆ."

"ಬರ್ಕೊಡೋಕೆ ಜನ ಸಿಗ್ತಾರೆ. ನೋಡ್ಕೊಡೋಕೆ?"

"ನಾನಿಲ್ವಾ?"

ಅವಳು ಲೋಟ ತಡವಿ ಕೆಳಗಿಟ್ಟಳು. "ಹೋದ ತಿಂಗ್ಳು ಒಂಬತ್ತನೇ ಕ್ಲಾಸಲ್ಲಿ ಭೂಪಟ ನೇತು ಹಾಕ್ಕೊಂಡು ಗೋದಾವರಿ ಅಂತ ಕೋಲಿಟ್ಟೆ. ಕೋಲು ಕೃಷ್ಣಾ ಮೇಲಿತ್ತಂತೆ. ಆಮೇಲೆ ಒಂದು ಹುಡುಗಿ ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಹೇಳಿದ್ಲು. ಕ್ಲಾಸಲ್ಲಿ ಒಬ್ರೂ ನಗ್ಲಿಲ್ಲ ಕಣೆ. ನಕ್ಕಿದ್ರೆ ಚೆನ್ನಾಗಿರ್ತಿತ್ತು."

ನಾನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಸುಮ್ನೆ ಕೂತ್ರೆ ಆಗುತ್ತಾ? ನಡಿ, ಬೇಸಿಗೆ ಅಳತೆ ಬಾಕಿ ಇದೆ," ಎಂದು ಅವಳೇ ಎದ್ದಳು.

ಸಂಗಮಕ್ಕೆ ಅತ್ತೆಯೂ ಬಂದರು. ಕಪಿಲೆ ಕಾವೇರಿಗೆ ಸೇರುವ ಕಡೆ, ಸ್ನಾನಘಟ್ಟದ ಕೊನೆಯ ಮೆಟ್ಟಿಲಿನಿಂದ ನೀರಿನ ಅಂಚಿಗೆ ಎಷ್ಟು ದೂರ ಎಂದು ಮಳೆಗಾಲದಲ್ಲಿ, ಚಳಿಗಾಲದಲ್ಲಿ ಅಳೆದಾಗಿತ್ತು. ನಾವಿಬ್ಬರೂ ಸೇರಿ ಬರೆಯುತ್ತಿದ್ದ ಎಂ.ಎ. ಪ್ರಬಂಧಕ್ಕೆ ಉಳಿದಿದ್ದು ಈ ಒಂದು ಅಳತೆ. ಪಟ್ಟಿಗೆ ಇಬ್ಬರು ಬೇಕೇ ಬೇಕು. ಒಬ್ಬರು ಸೊನ್ನೆಯ ತುದಿಯನ್ನು ಮೆಟ್ಟಿಲಿಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನೀರಿನ ಹತ್ತಿರ ಅಂಕಿ ಓದಿ ಕೂಗಬೇಕು. ಸೊನ್ನೆ ಹಿಡಿದವರು ಅದನ್ನೇ ತಿರುಗಿ ಹೇಳಿದ ಮೇಲೆಯೇ ಬರೆದುಕೊಳ್ಳುವುದು ನಮ್ಮ ರೂಢಿ. ಎರಡು ಸಲವೂ ಓದಿದವಳು ನಾಗರತ್ನ. ಕನ್ನಡಕದವಳಿಗೆ ಏನು ಕಾಣುತ್ತೆ ಎಂದು ನನ್ನನ್ನು ಹಂಗಿಸಿ ಸೊನ್ನೆಯ ತುದಿಗೆ ಕೂರಿಸುತ್ತಿದ್ದಳು.

ಈ ಸಲ ನಾನು ಪಟ್ಟಿ ಬಿಚ್ಚುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು. "ಕೊಡು. ಇದಕ್ಕೆ ಕಣ್ಣು ಬೇಡ."

ಮರಳಿನ ಮೇಲೆ ಹಿಮ್ಮುಖವಾಗಿ ನಡೆದೆ. ನೀರು ಬಹಳ ಹಿಂದೆ ಸರಿದಿತ್ತು.

"ಹನ್ನೊಂದು ಮೀಟರ್ ನಲವತ್ತು," ಕೂಗಿದೆ.

"ಹನ್ನೊಂದು ಮೀಟರ್ ನಲವತ್ತು." ತರಗತಿಯ ಕೊನೇ ಬೆಂಚಿಗೂ ಕೇಳಿಸುವ ಅದೇ ದನಿ. ಆಮೇಲೆ, "ಪ್ರಬಂಧ ನಿನ್ನೊಬ್ಬಳ ಹೆಸರಲ್ಲೇ ಕೊಡು. ನಾಳೆ ನಾನು ಫೀಸು ಕಟ್ಟಲ್ಲ," ಎಂದಳು.

ಅಂಕಿ ಬರೆದುಕೊಂಡೆ. ಪಟ್ಟಿ ಸುತ್ತತೊಡಗಿದೆ. ಸುತ್ತುವಾಗ ಸೊನ್ನೆ ಹಿಡಿದವರು ತುದಿಯನ್ನು ಕಲ್ಲಿಗೆ ಉಜ್ಜದಂತೆ ಎತ್ತಿ ಹಿಡಿದು ಜೊತೆಗೇ ನಡೆದು ಬರಬೇಕು. ಪಟ್ಟಿ ಬಿಗಿಯಿತು. ಅವಳು ಏಳಲಿಲ್ಲ.

"ನಂಗೆ ಇಳಿಯೋಕೆ ಭಯ ಕಣೆ. ಬಿಡ್ತೀನಿ, ಸುತ್ಕೋ."

ಪಟ್ಟಿಯ ತುದಿಯ ಲೋಹದ ಬಳೆ ಕಲ್ಲಿಗೆ ತಾಗಿ ಸದ್ದು ಮಾಡುತ್ತಾ, ಮರಳಿನಲ್ಲಿ ಗೀರು ಎಳೆಯುತ್ತಾ ನನ್ನ ಬಳಿಗೆ ಬಂತು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಅವರಿಬ್ಬರೂ ಇನ್ನೂ ಸ್ವಲ್ಪ ಹೊತ್ತು ಘಟ್ಟದ ಮೇಲಿನ ಮರದ ನೆರಳಲ್ಲಿ ಕೂರುತ್ತೇವೆಂದರು. ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿ ಕೈ ಬೀಸಿದೆ. ಅವಳಿಗೆ ಕಾಣುವುದಿಲ್ಲ ಎಂದು ಬೀಸಿದ ಮೇಲೆ ನೆನಪಾಯಿತು. ಅತ್ತೆ ನನ್ನನ್ನು ಕಂಡು ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ನಾಗರತ್ನ ತಟ್ಟನೆ ಎದ್ದು ನಿಂತು, ನಗುತ್ತಾ, ಆಚೆ ದಡದ ಕಡೆಗೆ ಕೈ ಬೀಸತೊಡಗಿದಳು.